ಪುತಳಿಯ ತಪ್ಪಿಲ್ಲ

ಆ ವರ್ಷ ನಮ್ಮ ಊರಿನ ಗೋಡೆಗಳ ಮೇಲೆಲ್ಲ ಒಂದು ಕುದುರೆ ಗಾಳಿಯಲ್ಲೇ ನಿಂತಿತ್ತು. ಮುಂಗಾಲು ಮಡಚಿ, ಕುತ್ತಿಗೆ ಚಾಚಿ, ಕಾಲುವೆಯ ನೀರಿನಿಂದ ಆಳೆತ್ತರದಲ್ಲಿ. ಅದರ ಬೆನ್ನ ಮೇಲೆ ಕೆಂಪು ಕಚ್ಚೆಸೀರೆಯ ಹೆಂಗಸು. ಸೆರಗು ಬಾವುಟದ ಹಾಗೆ ಹಿಂದಕ್ಕೆ ಹಾರಿತ್ತು. ಬಸ್ ನಿಲ್ದಾಣದ ಗೋಡೆ, ಹಿಟ್ಟಿನ ಗಿರಣಿಯ ಗೋಡೆ, ಹೆರಿಗೆ ಆಸ್ಪತ್ರೆಯ ಕಾಂಪೌಂಡು, ಅಂಟು ಬಳಿಯಲು ಜಾಗವಿದ್ದಲ್ಲೆಲ್ಲ ಅದೇ ಪೋಸ್ಟರು. ಹೆಂಗಸಿನ ಮುಖ ಮಾತ್ರ ಮೈಗಿಂತ ಒಂದು ಸುತ್ತು ದೊಡ್ಡದಾಗಿತ್ತು. ಬೇರೆ ಫೋಟೋದಿಂದ ಕತ್ತರಿಸಿ ಅಂಟಿಸಿದ್ದು. ನೋಡುವ ಜನ ಅದನ್ನು ಗಮನಿಸಲಿಲ್ಲ. ನಾನು ಗಮನಿಸಿದೆ, ಗಮನಿಸಿಯೂ ಸುಮ್ಮನಿದ್ದೆ.

ಚಿತ್ರದ ಹೆಸರು 'ಸಿಡಿಲ ಕುವರಿ'. ಆ ವರ್ಷ ಅದು ಓಡಿದ ಹಾಗೆ ಇನ್ನೊಂದು ಓಡಲಿಲ್ಲ. ಹೆಂಗಸರಿಗೆಂದೇ ಬೆಳಗಿನ ಆಟ ಬೇರೆ ಇಟ್ಟರು. ದರ್ಜಿಗಳಿಗೆ ಕೆಂಪು ರವಿಕೆ ಹೊಲಿದು ಹೊಲಿದು ಸಾಕಾಯಿತು. ಜಟಕಾದವರು ತಮ್ಮ ಬಡಕಲು ಕುದುರೆಗಳ ಹಣೆಗೂ ಕೆಂಪು ಪಟ್ಟಿ ಕಟ್ಟಿದರು. ಮಕ್ಕಳು ಚರಂಡಿ ದಾಟುವಾಗಲೂ ನಾಯಕಿಯ ಹಾಗೆ ಕೂಗಿಕೊಂಡೇ ಹಾರುತ್ತಿದ್ದರು. ಮದುವೆಗಳಲ್ಲಿ, ಕಟಿಂಗ್ ಶಾಪುಗಳಲ್ಲಿ, ಬಸ್ಸಿನ ಹಿಂದಿನ ಸೀಟಿನಲ್ಲಿ, ಎಲ್ಲಿ ಕೇಳಿದರೂ ಒಂದೇ ಮಾತು: ಆ ಜಿಗಿತ ನೋಡಿದಿರಾ?

ನಾನಾಗ ಒಂದು ಸಿನಿಮಾ ವಾರಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ಪ್ರತಿ ವರ್ಷದ ಕೊನೆಗೆ ನಾವು 'ಹಿನ್ನೋಟ' ಎಂಬ ವಿಶೇಷ ಸಂಚಿಕೆ ತರುತ್ತಿದ್ದೆವು. ವರ್ಷದಲ್ಲಿ ಯಾವುದು ಓಡಿತು, ಯಾವುದು ಮಕಾಡೆ ಬಿತ್ತು, ಯಾರ ಮದುವೆಯಾಯಿತು, ಯಾರ ಜಗಳ ಬೀದಿಗೆ ಬಂತು, ಯಾವ ಹಾಡು ಎಲ್ಲರ ಬಾಯಲ್ಲಿ ನಿಂತಿತು, ಯಾರು ತೀರಿಕೊಂಡರು, ಎಲ್ಲವೂ ಅದರಲ್ಲಿರುತ್ತಿತ್ತು. ಜನ ಅದನ್ನು ಪಂಚಾಂಗದ ಹಾಗೆ ಮೊಳೆಗೆ ತೂಗುಹಾಕಿ ಕಾಪಾಡುತ್ತಿದ್ದರು. ಐದು ವರ್ಷ ಅದನ್ನು ಬರೆದವನು ನಾನೇ. ಬರೆದದ್ದು ಉಳಿಯುತ್ತದೆ ಎಂದು ನನಗೆ ಬಹಳ ಹೆಮ್ಮೆ. ಸುಳ್ಳೂ ಅಷ್ಟೇ ಗಟ್ಟಿಯಾಗಿ ಉಳಿಯುತ್ತದೆ ಎನ್ನುವುದು ಆ ವರ್ಷ ನನಗೆ ಗೊತ್ತಾಯಿತು.

ಆ ಜಿಗಿತದ ಚಿತ್ರೀಕರಣ ನಡೆದ ದಿನ ನಾನು ಅಲ್ಲಿದ್ದೆ. ಬೇಸಿಗೆಯ ಬೆಳಗು. ಊರಾಚೆಯ ಬಯಲು, ನಡುವೆ ಹದಿನಾಲ್ಕು ಅಡಿ ಅಗಲದ ಕಾಲುವೆ. ನಾಯಕಿ ವಿದ್ಯುಲ್ಲತಾ ದೊಡ್ಡ ಛತ್ರಿಯ ಕೆಳಗೆ ಕೂತು ಬೀಸಣಿಗೆ ಬೀಸಿಕೊಳ್ಳುತ್ತಿದ್ದರು. ಅದೇ ಬಣ್ಣದ ಸೀರೆ, ಅದೇ ಕೂದಲಿನ ಟೋಪನ್ನು ಹಾಕಿಕೊಂಡ ಇನ್ನೊಬ್ಬ ಹೆಂಗಸು ಬಯಲಿನ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಕಂದು ಬಣ್ಣದ ಹೆಣ್ಣು ಕುದುರೆಯ ಮೊಣಕಾಲಿಗೆ ತಣ್ಣೀರು ಹೊಯ್ಯುತ್ತಿದ್ದರು. ಅವರೇ ಡ್ಯೂಪ್. ನಾನು ಪುಸ್ತಕ ಪೆನ್ಸಿಲು ಹಿಡಿದು ಹತ್ತಿರ ಹೋಗಿ ಹೆಸರು ಕೇಳಿದೆ.

"ನನ್ನ ಹೆಸರು ತಗೊಂಡು ಏನ್ ಮಾಡ್ತೀರಿ? ಈಕೀದು ಬರಕೊಳ್ರಿ. ಪುತಳಿ."

"ಕುದುರೆ ಹೆಸರಾ?"

"ಹೂಂರಿ. ಹನ್ನೊಂದು ವರ್ಷದಾಕಿ. ನನ್ನ ಕೈಯಾಗ ಹುಟ್ಟಿದಾಕಿ."

ಒತ್ತಾಯ ಮಾಡಿದ ಮೇಲೆ ತಮ್ಮ ಹೆಸರನ್ನೂ ಹೇಳಿದರು. ತುಳಸಾಬಾಯಿ. ವಯಸ್ಸು ನಲವತ್ತರ ಹತ್ತಿರ. ಬಡಗಣ ಸೀಮೆಯ ಒಂದು ಸರ್ಕಸ್ ಕಂಪನಿಯಲ್ಲಿ ಎಂಟನೇ ವಯಸ್ಸಿನಿಂದ ಕುದುರೆಯ ಬೆನ್ನ ಮೇಲೆ ನಿಂತು ಸುತ್ತು ಹಾಕಿದವರು. ಕಂಪನಿ ಮುಚ್ಚಿದಾಗ ಡೇರೆ ಒಂದು ಕಡೆ ಹೋಯಿತು, ಆನೆ ಇನ್ನೊಂದು ಕಡೆ ಹೋಯಿತು. ಪುತಳಿಯನ್ನು ಮಾತ್ರ ಬಿಟ್ಟುಕೊಡದೆ ಜತೆಗೇ ನಡೆಸಿಕೊಂಡು ನಮ್ಮೂರಿಗೆ ಬಂದಿದ್ದರು. ನಮ್ಮ ಊರಿನ ಸ್ಟುಡಿಯೋಗಳಲ್ಲಿ ನಾಯಕಿಯರ ಬದಲು ಕುದುರೆ ಹತ್ತುವುದಕ್ಕೆ ಗಂಡಸರಿಗೇ ಸೀರೆ ಉಡಿಸುವ ಪದ್ಧತಿ. ಹೆಂಗಸಾಗಿ ಆ ಕೆಲಸ ಮಾಡುತ್ತಿದ್ದವರು ಅವರೊಬ್ಬರೇ. ಚಹಾ ಬಂತು. ತಮ್ಮ ಲೋಟದಲ್ಲಿ ಅರ್ಧ ನನಗೆ ಸುರಿದು ಕೊಟ್ಟರು.

ಮೊದಲ ಸಲಕ್ಕೇ ಎಲ್ಲವೂ ಸರಿಯಾಯಿತು. ಪುತಳಿ ಬಯಲಿನ ತುದಿಯಿಂದ ಓಡುತ್ತ ಬಂದು, ಅಂಚಿನಲ್ಲಿ ಒಂದು ಗೇಣೂ ತಪ್ಪದೆ ನೆಲ ಬಿಟ್ಟು, ಆಚೆ ದಡದಲ್ಲಿ ಹತ್ತಿಯ ಮೂಟೆ ಇಟ್ಟಷ್ಟು ಮೆತ್ತಗೆ ಇಳಿಯಿತು. ಅಲ್ಲಿದ್ದವರೆಲ್ಲ ಚಪ್ಪಾಳೆ ಹೊಡೆದೆವು. ವಿದ್ಯುಲ್ಲತಾ ಎದ್ದು ನಿಂತು, "ಅಬ್ಬಾ, ಎದೆ ಝಲ್ಲಂತು!" ಎಂದರು. ಕೆಲಸ ಮುಗಿಯಿತೆಂದು ಸಾಮಾನು ಕಟ್ಟತೊಡಗಿದರು.

ಅಷ್ಟರಲ್ಲಿ ಎರಡು ಕಾರು ಬಂದವು. ಚಿತ್ರದ ಹಂಚಿಕೆದಾರರು ಹೆಂಡತಿ, ಮಕ್ಕಳು, ನೆಂಟರನ್ನು ಕಟ್ಟಿಕೊಂಡು ಜಿಗಿತ ನೋಡಲು ಬಂದಿದ್ದರು. ನಿರ್ಮಾಪಕ ಜಂಬುನಾಥ ಓಡಿಹೋಗಿ ಬಾಗಿಲು ತೆಗೆದರು.

"ಅಯ್ಯೋ, ಈಗ ತಾನೇ ಆಯ್ತಲ್ಲ ಸಾರ್! ಇರಲಿ ಬಿಡಿ, ಇನ್ನೊಂದು ಟೇಕು ತಗೊಳ್ಳೋದೇ ಇತ್ತು. ನಿಮ್ಮ ಮುಂದೇನೇ ಹಾರಿಸ್ತೀನಿ."

ತುಳಸಾಬಾಯಿ ಕುದುರೆಯ ಜೀನು ಬಿಚ್ಚುತ್ತಿದ್ದವರು ಅಲ್ಲಿಗೇ ನಿಲ್ಲಿಸಿದರು. "ಧಣ್ಯಾರ, ಈಕಿ ದಣದಾಳ್ರಿ. ಮುಂಗಾಲು ಬಿಸಿ ಆಗೈತಿ. ಒಂದು ತಾಸು ಬಿಡ್ರಿ, ಆಮ್ಯಾಲ ಎಷ್ಟು ಬೇಕಾದ್ರೂ ಹಾರ್ತಾಳ."

"ಅವರು ಊಟಕ್ಕೆ ಹೋಗ್ಬೇಕು ಕಣಮ್ಮ. ಒಂದೇ ಒಂದು ಸಲ. ಹಾರಿ ಬಂದವಳಿಗೆ ಇನ್ನೊಂದು ಸಲ ಹಾರೋಕೇನು ಕಷ್ಟ?"

ತುಳಸಾಬಾಯಿ ಕುದುರೆಯ ಕಿವಿಯ ಹಿಂದೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತರು. ಆಮೇಲೆ ಹತ್ತಿದರು.

ಎರಡನೇ ಸಲ ಪುತಳಿ ಕಾಲುವೆಯ ಅಂಚಿಗೆ ಬಂದು ಒಂದು ಕ್ಷಣ ಹಿಂಜರಿದದ್ದು ನನಗೆ ಸ್ಪಷ್ಟವಾಗಿ ಕಾಣಿಸಿತು. ಮರುಕ್ಷಣ ಹಾರಿತು. ಮುಂಗಾಲು ಆಚೆ ದಡಕ್ಕೆ ತಾಕಿತು, ಮಣ್ಣು ಕುಸಿಯಿತು, ಕುದುರೆ ಒಂದು ಪಕ್ಕಕ್ಕೆ ಉರುಳಿತು. ತುಳಸಾಬಾಯಿ ಅದರ ಕೆಳಗಿದ್ದರು. ಹಂಚಿಕೆದಾರರ ಮಕ್ಕಳು ಇದೂ ಆಟದ್ದೇ ಒಂದು ಭಾಗವೆಂದು ಚಪ್ಪಾಳೆ ತಟ್ಟುತ್ತಿದ್ದವು.

ಐದಾರು ಜನ ಸೇರಿ ಆಕೆಯನ್ನು ಎಳೆದು ತೆಗೆದೆವು. ಪುತಳಿಯ ಮುಂಗಾಲು ಮುರಿದು ಎಲುಬು ಹೊರಗೆ ಬಂದಿತ್ತು. ಅದು ಏಳಲು ಹೋಗಿ ಬೀಳುತ್ತಿತ್ತು, ಮತ್ತೆ ಏಳಲು ಹೋಗುತ್ತಿತ್ತು. ಪಕ್ಕದ ಹೊಲದವರ ಮನೆಯಿಂದ ಬಂದೂಕು ತರಿಸಿದರು. ತುಳಸಾಬಾಯಿಯನ್ನು ಜೀಪಿನ ಹಿಂಬದಿಯಲ್ಲಿ ಮಲಗಿಸುತ್ತಿದ್ದಾಗ ಆ ಸದ್ದು ಕೇಳಿಸಿತು. ಆಕೆ ಎದ್ದು ಕೂರಲು ನೋಡಿದರು. ಸೊಂಟ ಏಳಲಿಲ್ಲ. ಜೀಪು ಹೊರಟಿತು.

ಆ ವಾರದ ಪತ್ರಿಕೆಯಲ್ಲಿ ಈ ಸುದ್ದಿ ಹೇಗೆ ಬಂತು ಗೊತ್ತೇ? 'ಹುಚ್ಚೆದ್ದ ಕುದುರೆ: ಕೂದಲೆಳೆಯಲ್ಲಿ ಪಾರಾದ ವಿದ್ಯುಲ್ಲತಾ'. ಜಂಬುನಾಥರ ಕಚೇರಿಯಿಂದ ಒಂದು ಚೀಟಿ ಬಂದಿತ್ತು. ಅದನ್ನು ನಮ್ಮ ಸಂಪಾದಕರು ಪದ್ಮನಾಭಯ್ಯ ನನ್ನ ಮೇಜಿನ ಮೇಲಿಟ್ಟು, "ನೀನೇ ಅಲ್ಲಿದ್ದೆಯಲ್ಲ, ಇದನ್ನೇ ಸ್ವಲ್ಪ ಜೀವ ತುಂಬಿ ಬರೆದುಬಿಡಪ್ಪ" ಎಂದಿದ್ದರು. ಜೀವ ತುಂಬಿ ಬರೆದೆ. ಕುದುರೆಯ ಕಣ್ಣು ಕೆಂಡದ ಹಾಗಿತ್ತು ಎಂದು ಬರೆದೆ. ನೊರೆ ಕಾರುತ್ತಿತ್ತು ಎಂದು ಬರೆದೆ. ಸವಾರಿ ಮಾಡಿದಾಕೆಯ ಬಗ್ಗೆ 'ಸಹಾಯಕಿಯೊಬ್ಬರಿಗೆ ಅಲ್ಪ ಗಾಯ' ಎಂದು ಒಂದೇ ಸಾಲು. ನನ್ನನ್ನು ಯಾರೂ ಹೆದರಿಸಿರಲಿಲ್ಲ. ಈಗಲೂ ನನಗೆ ಸಿಟ್ಟು ಬರುವುದು ಅದಕ್ಕೇ. ಹೆದರಿಸಿದ್ದರೆ ಹೆದರಿ ಬರೆದೆನೆಂದು ಹೇಳಿಕೊಳ್ಳಬಹುದಿತ್ತು.

ಚಿತ್ರ ಬಿಡುಗಡೆಯಾಯಿತು, ಊರೆಲ್ಲ ಕೆಂಪಾಯಿತು. ವರ್ಷದ ಕೊನೆ ಬಂತು. 'ಹಿನ್ನೋಟ'ದ ಮುಖಪುಟಕ್ಕೆ ಜಿಗಿತದ ಚಿತ್ರವೇ ಎಂದು ಯಾವಾಗಲೋ ತೀರ್ಮಾನವಾಗಿತ್ತು. ಅದರ ಅಡಿಗೆ ನಾನು ಬರೆದ ಸಾಲು ಇದು: 'ವರ್ಷದ ಸಾಹಸ: ಡ್ಯೂಪ್ ಇಲ್ಲದೆ, ಹುಚ್ಚು ಕುದುರೆಯನ್ನು ಮಣಿಸಿ ಕಾಲುವೆ ಹಾರಿದ ವಿದ್ಯುಲ್ಲತಾ.' ಡ್ಯೂಪ್ ಇಲ್ಲ ಎನ್ನುವುದು ಜಂಬುನಾಥರ ಪ್ರಚಾರ. 'ಮಣಿಸಿ' ಎಂಬ ಮಾತನ್ನು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ಅದು ನನ್ನದೇ. ವಾಕ್ಯ ಚೆನ್ನಾಗಿ ಕೂರಲೆಂದು ಹಾಕಿದ್ದೆ.

ಸಂಚಿಕೆ ಬಂದು ಒಂದು ವಾರವಾಗಿರಬಹುದು. ಬೆಳಗ್ಗೆ ಹನ್ನೊಂದರ ಹೊತ್ತು. ನಮ್ಮ ಕಚೇರಿ ಮಹಡಿಯ ಮೇಲಿತ್ತು, ಮರದ ಮೆಟ್ಟಿಲು. ಯಾರೋ ಒಂದೊಂದೇ ಮೆಟ್ಟಿಲು ಹತ್ತುವ ಸದ್ದು, ನಡುವೆ ಕೋಲು ಊರುವ ಸದ್ದು, ನಡುವೆ ಬಹಳ ಹೊತ್ತಿನ ನಿಲುಗಡೆ. ಅಚ್ಚಿನ ಮೊಳೆ ಜೋಡಿಸುವವರೂ ಕೈ ನಿಲ್ಲಿಸಿ ಬಾಗಿಲ ಕಡೆ ನೋಡಿದರು. ತುಳಸಾಬಾಯಿ ಒಳಗೆ ಬಂದರು. ಕಂಕುಳಲ್ಲಿ ಊರುಗೋಲು. ಬಲಗಾಲು ನೆಲಕ್ಕೆ ಸರಿಯಾಗಿ ತಾಕುತ್ತಿರಲಿಲ್ಲ. ಕೈಯಲ್ಲಿ ಸುರುಳಿ ಸುತ್ತಿದ ನಮ್ಮ ಸಂಚಿಕೆ. ಅದನ್ನು ನನ್ನ ಮೇಜಿನ ಮೇಲೆ ಬಿಚ್ಚಿದರು.

"ಇದನ್ನ ಬರದಾವ್ರು ಯಾರ್ರೀ?"

"ನಾನೇ."

ಆಕೆ ನನ್ನ ಮುಖ ನೋಡಿದರು. ಗುರುತು ಹತ್ತಲು ಸ್ವಲ್ಪ ಸಮಯ ಬೇಕಾಯಿತು. ಹತ್ತಿದ ಮೇಲೆ ಮುಖ ಕಪ್ಪಿಟ್ಟಿತು.

"ನೀವಾ? ನೀವು ಅಲ್ಲೇ ಇದ್ರಲ್ರೀ! ನನ್ನ ಲೋಟದಾಗಿನ ಚಹಾ ಕುಡದೀರಿ. ನನ್ನ ಎಳದು ತಗದಾವ್ರಾಗ ನೀವೂ ಒಬ್ಬರು."

"ಹೌದು. ಕೂತ್ಕೊಳ್ಳಿ ತುಳಸಾಬಾಯಿ, ಮೊದಲು ಕೂತ್ಕೊಳ್ಳಿ."

"ಕುಂದರಾಕ ಬಂದಿಲ್ಲ. ನನ್ನ ಹೆಸರು ಹಾಕ್ಲಿಲ್ಲ ಅಂತ ಬಂದಾಳ ಅನಕೊಂಡೀರೇನು? ನನ್ನ ಹೆಸರು ಯಾವ ಪಿಕ್ಚರಿನ್ಯಾಗೂ ಬಂದಿಲ್ಲ, ಬರೂದೂ ಬ್ಯಾಡ. ಆ ಅಮ್ಮ ಹಾರಿದ್ಲು ಅಂತ ಬರಕೊಳ್ರಿ, ಆಕಿ ಹೊಟ್ಟಿಪಾಡು ಆಕೀದು. ಇದೇನಿದು? ಇದನ್ನ ಓದ್ರಿ."

ಆಕೆಗೆ ಓದಲು ಬರುತ್ತಿರಲಿಲ್ಲ. ಯಾರೋ ಓದಿ ಹೇಳಿ, ಆ ಜಾಗವನ್ನು ತೋರಿಸಿಕೊಟ್ಟಿದ್ದರು. ಆಕೆಯ ಬೆರಳು ಸರಿಯಾಗಿ ಆ ಪದದ ಮೇಲೇ ಇತ್ತು. ನಾನು ಓದಲಿಲ್ಲ.

"ಓದ್ರಿ ಅಂದ್ರ!"

"ಹುಚ್ಚು" ಎಂದೆ.

"ಆಕಿ ಹುಚ್ಚಿ ಆಗಿದ್ಲೇನ್ರೀ? ಕಣ್ಣು ಕೆಂಡ ಆಗಿತ್ತಂತ, ನೊರಿ ಕಾರ್ತಿದ್ಲಂತ, ಅದೂ ನೀವ ಬರದದ್ದಲ್ಲೇನು? ನನ್ನ ತಮ್ಮ ದವಾಖಾನ್ಯಾಗ ಓದಿ ಹೇಳಿದಾಗ ನಾ ಅಂದ್ನಿ, ಯಾವನೋ ನೋಡಲಾರದಾವ ಬರದಾನ, ಹೋಗ್ಲಿ ಬಿಡು ಅಂತ. ನೋಡಿದಾವ್ರ ಬರದೀರಿ! ಹನ್ನೊಂದು ವರ್ಷದಾಗ ಆಕಿ ಒಬ್ಬರಿಗೆ ಕಾಲು ತುಳಿದಾಕಿ ಅಲ್ಲ. ಸಣ್ಣ ಹುಡುಗ್ಯಾರು ಬೆನ್ನ ಮ್ಯಾಲ ನಿಂತ್ರ ಉಸಿರು ಸೈತ ಬಿಗಿ ಹಿಡೀತಿದ್ಲು. ಸತ್ತಾಕಿ ಮ್ಯಾಲ ಸುಳ್ಳು ಬರೀತೀರಲ್ರೀ. ಆಕಿ ಬಂದು ಕೇಳಾಂಗಿಲ್ಲ ಅಂತ ಧೈರ್ಯ ಹೌದಲ್ಲ?"

ಪದ್ಮನಾಭಯ್ಯ ತಮ್ಮ ಕೋಣೆಯಿಂದ ಹೊರಗೆ ಬಂದರು. "ಏನಮ್ಮ ಗಲಾಟೆ? ಏನಾದರೂ ಸಹಾಯ ಬೇಕಿದ್ದರೆ ಒಂದು ಅರ್ಜಿ ಬರೆಸಿಕೊಡು, ಕಲಾವಿದರ ಸಂಘಕ್ಕೆ ಕಳಿಸೋಣ."

"ನಾ ಬೇಡಾಕ ಬಂದಿಲ್ರಿ. ಪುತಳೀದು ತಪ್ಪಿಲ್ಲ ಅಂತ ಬರೀರಿ. ಒಂದ ಸಾಲು. ಎಷ್ಟು ದೊಡ್ಡ ಅಕ್ಷರದಾಗ ಸುಳ್ಳು ಬರದೀರಿ, ಅಷ್ಟ ದೊಡ್ಡದು."

ಅಷ್ಟು ಹೇಳಿ ತಿರುಗಿದರು. ನಾನು ಇಳಿಯಲು ಕೈ ಕೊಡಹೋದೆ. "ಮುಟ್ಟಬ್ಯಾಡ್ರಿ" ಎಂದರು. ಅಷ್ಟೂ ಮೆಟ್ಟಿಲನ್ನು ಒಬ್ಬರೇ ಇಳಿದರು. ಕೋಲಿನ ಸದ್ದು ಬೀದಿಯವರೆಗೂ ಕೇಳಿಸಿತು.

ಆಮೇಲೆ ನಾನು ಸಂಪಾದಕರ ಕೋಣೆಗೆ ಹೋಗಿ ಬಾಗಿಲು ಹಾಕಿದೆ. ತಿದ್ದುಪಡಿ ಹಾಕೋಣ ಎಂದೆ. ಅವರು ಕನ್ನಡಕ ಒರೆಸುತ್ತ ನಕ್ಕರು.

"ಕುದುರೆಯ ಪರವಾಗಿ ತಿದ್ದುಪಡಿಯೇ? ಜನ ಏನೆಂದಾರು? ಜಂಬುನಾಥರು ಏನೆಂದಾರು? ಬರುವ ಭಾನುವಾರ ನಮ್ಮದೇ ಸನ್ಮಾನ ಸಮಾರಂಭವಿದೆ. 'ವರ್ಷದ ಸಾಹಸ ತಾರೆ' ಎಂದು ಆಕೆಗೆ ಶಾಲು ಹೊದಿಸುವವರು ನಾವೇ."

"ಸಾರ್, ನಿಮಗೆ ಒಂದು ವಿಷಯ ಗೊತ್ತಿಲ್ಲ." ಏಳು ತಿಂಗಳು ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಆಗ ಹೇಳಿದೆ. ಅಪಘಾತವಾದ ದಿನ ಸಾಮಾನು ಲಾರಿಗೆ ತುಂಬುವಾಗ ಕ್ಯಾಮೆರಾದ ಸಹಾಯಕನೊಬ್ಬ ನನ್ನ ಬಳಿ ಬಂದಿದ್ದ. "ಕ್ಯಾಮೆರಾದಲ್ಲಿ ಫಿಲ್ಮೇ ಇರಲಿಲ್ಲ ಸಾರ್" ಎಂದಿದ್ದ. ಮೊದಲ ಜಿಗಿತ ಮುಗಿದ ಕೂಡಲೇ ಫಿಲ್ಮು ತೆಗೆದು ಡಬ್ಬಿಗೆ ಹಾಕಿ ಮುಚ್ಚಿದ್ದರು. ಎರಡನೆಯದು ಬರೀ ತೋರಿಕೆಗೆ, ಹಂಚಿಕೆದಾರರ ಮಕ್ಕಳಿಗೆ ತೋರಿಸುವುದಕ್ಕೆ. ಖಾಲಿ ಕ್ಯಾಮೆರಾದ ಹಿಂದೆ ಒಬ್ಬನನ್ನು ಕಣ್ಣಿಟ್ಟು ನಿಲ್ಲಿಸಿದ್ದರು, ಅಷ್ಟೇ. ಊರೆಲ್ಲ ನೋಡಿ ಚಪ್ಪಾಳೆ ತಟ್ಟಿದ ಜಿಗಿತ ಮೊದಲನೆಯದು. ಕುದುರೆಯನ್ನು ಕೊಂದ ಜಿಗಿತ ಯಾವ ಚಿತ್ರದಲ್ಲೂ ಇಲ್ಲ.

ಪದ್ಮನಾಭಯ್ಯ ಕನ್ನಡಕ ಒರೆಸುವುದನ್ನು ನಿಲ್ಲಿಸಿದರು. ಅವರು ಕೆಟ್ಟವರಲ್ಲ, ಮನೆಯಲ್ಲಿ ದಿನವೂ ಕಾಗೆಗಳಿಗೆ ಅನ್ನ ಹಾಕುವ ಮನುಷ್ಯ. ಕನ್ನಡಕ ಹಾಕಿಕೊಂಡರು.

"ಇದನ್ನು ನನಗೆ ಹೇಳಬಾರದಿತ್ತು ನೀನು. ಹೇಳಿದೆ, ನಾನು ಕೇಳಲಿಲ್ಲ, ಆಯಿತಲ್ಲ? ಹೋಗು, ಸನ್ಮಾನ ಪತ್ರ ಬರೆದು ಮುಗಿಸು. ಓದುವವನೂ ನೀನೇ."

ಬೀದಿಗೆ ಇಳಿದರೆ ಎದುರು ಗೋಡೆಯಲ್ಲಿ ಅದೇ ಕುದುರೆ. ಅಷ್ಟು ತಿಂಗಳು ಅದರ ಮುಂದೆ ಓಡಾಡಿದ್ದರೂ ನಾನು ಅದರ ಮುಖವನ್ನು ನೋಡಿರಲಿಲ್ಲ. ಅವತ್ತು ರಸ್ತೆ ದಾಟಿ ಹತ್ತಿರ ಹೋಗಿ ನೋಡಿದೆ. ಆ ಪೋಸ್ಟರಿನಲ್ಲಿ ಕತ್ತರಿ ತಾಗದ ಮುಖ ಅದೊಂದೇ. ಕಣ್ಣು ಶಾಂತವಾಗಿತ್ತು. ಕಿವಿಗಳು ಹಿಂದಕ್ಕೆ ತಿರುಗಿ, ಬೆನ್ನ ಮೇಲಿದ್ದವರ ಮಾತಿಗಾಗಿ ಕಾಯುತ್ತಿದ್ದವು. ಹುಚ್ಚು ಹಿಡಿದ ಪ್ರಾಣಿ ಹಾಗಿರುವುದಿಲ್ಲ ಎಂದು ಕುದುರೆಯ ಗಂಧಗಾಳಿ ಇಲ್ಲದ ನನಗೂ ಗೊತ್ತಾಗುತ್ತಿತ್ತು. ಸಾವಿರಾರು ಜನ ದಿನವೂ ನೋಡುವ ಗೋಡೆಯ ಮೇಲೆ ನನ್ನ ಸುಳ್ಳಿಗೆ ಸಾಕ್ಷಿ ನಿಂತಿತ್ತು. ನನಗೆ ಮೈ ಉರಿಯಿತು. ಜಂಬುನಾಥರ ಮೇಲೆ, ಪದ್ಮನಾಭಯ್ಯನವರ ಮೇಲೆ, ಚಪ್ಪಾಳೆ ತಟ್ಟಿದ ಆ ಮಕ್ಕಳ ಮೇಲೂ. ಎಲ್ಲರಿಗಿಂತ ಹೆಚ್ಚಾಗಿ 'ಮಣಿಸಿ' ಎಂಬ ಪದ ಹೊಳೆದಾಗ ಖುಷಿಪಟ್ಟವನ ಮೇಲೆ.

ಭಾನುವಾರ ಸಂಜೆ ಪುರಭವನ ತುಂಬಿ ತುಳುಕುತ್ತಿತ್ತು. ಒಳಗೆ ಜಾಗ ಸಾಲದೆ ಕಿಟಕಿಗಳ ಸರಳು ಹಿಡಿದು ಜೋತಾಡುತ್ತಿದ್ದರು. ವೇದಿಕೆಯ ಮೇಲೆ ವಿದ್ಯುಲ್ಲತಾ, ಜಂಬುನಾಥ, ನಮ್ಮ ಸಂಪಾದಕರು. ನಾನು ಮೈಕಿನ ಮುಂದೆ ನಿಂತು ಚೌಕಟ್ಟು ಹಾಕಿಸಿದ ಸನ್ಮಾನ ಪತ್ರವನ್ನು ಎತ್ತಿಕೊಂಡೆ. ಮೊದಲ ಎರಡು ಸಾಲು ಅದರಲ್ಲಿದ್ದಂತೆಯೇ ಓದಿದೆ. ಆಮೇಲೆ ಪತ್ರವನ್ನು ಕೆಳಗಿಟ್ಟೆ.

"ಈ ವರ್ಷ ನೀವೆಲ್ಲ ನೋಡಿ ಮೆಚ್ಚಿದ ಜಿಗಿತವನ್ನು ಹಾರಿದವರು ತುಳಸಾಬಾಯಿ ಎಂಬವರು. ಅವರನ್ನು ಹೊತ್ತು ಹಾರಿದ ಕುದುರೆಯ ಹೆಸರು ಪುತಳಿ. ಅದಕ್ಕೆ ಹುಚ್ಚು ಹಿಡಿದಿರಲಿಲ್ಲ. ಹುಚ್ಚು ಎಂದು ಬರೆದವನು ನಾನು, ಅದು ಸುಳ್ಳು. ದಣಿದ ಕುದುರೆಯನ್ನು ನೆಂಟರಿಗೆ ತೋರಿಸಲೆಂದು ಎರಡನೇ ಸಲ ಹಾರಿಸಿದರು. ಆಗ ಕ್ಯಾಮೆರಾದಲ್ಲಿ ಫಿಲ್ಮ್ ಇರಲಿಲ್ಲ. ಪುತಳಿ ಸತ್ತಿತು. ತುಳಸಾಬಾಯಿಯ ಸೊಂಟ ಮುರಿಯಿತು. ಪುತಳಿಯ ತಪ್ಪಿಲ್ಲ."

ಆಗ ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಕುದುರೆಗೂ ಒಂದು ಶಾಲು ಹೊದಿಸ್ರೋ!"

ಅಷ್ಟೇ ಸಾಕಾಯಿತು. ನಗು ಹಿಂದಿನಿಂದ ಹೊರಟು ಮುಂದಿನ ಸಾಲಿನವರೆಗೆ ಉರುಳಿಕೊಂಡು ಬಂತು. "ಪುತಳಿಗೆ ಜೈ!" ಎಂದು ಒಬ್ಬ. ಕುದುರೆ ಕೆನೆದ ಹಾಗೆ ಇನ್ನೊಬ್ಬ. ಕಿಟಕಿಯಲ್ಲಿದ್ದವರು ಸರಳು ಬಡಿದರು. ಜಂಬುನಾಥ ನಗುನಗುತ್ತಲೇ ಬಂದು ಮೈಕನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. "ನಮ್ಮ ಪತ್ರಕರ್ತ ಮಿತ್ರರು ಭಾರಿ ತಮಾಷೆಯವರು. ಮುಂದಿನ ಚಿತ್ರಕ್ಕೆ ಇವರಿಂದಲೇ ಹಾಸ್ಯ ಸಂಭಾಷಣೆ ಬರೆಸ್ತೀನಿ!" ಮತ್ತೆ ಚಪ್ಪಾಳೆ.

ನಗದಿದ್ದವರು ವಿದ್ಯುಲ್ಲತಾ ಒಬ್ಬರೇ. ನಾನು ಪಕ್ಕದಲ್ಲಿ ಹಾದುಹೋಗುವಾಗ ತಗ್ಗಿದ ದನಿಯಲ್ಲಿ ಕೇಳಿದರು, "ಫಿಲ್ಮ್ ಇರಲಿಲ್ವಾ?"

"ಇರಲಿಲ್ಲ."

ಅವರು ಕುರ್ಚಿಯಿಂದ ಅರ್ಧ ಎದ್ದರು. ಏನೋ ಹೇಳುತ್ತಾರೆ ಎಂದು ನಿಂತೆ. ಅಷ್ಟರಲ್ಲಿ ಶಾಲು ಬಂತು, ಹಾರ ಬಂತು, ಫೋಟೋದವನು "ಇತ್ತ ನೋಡಿ ಮೇಡಂ" ಎಂದ. ಅವರು ಅತ್ತ ತಿರುಗಿ ಮುಗುಳ್ನಕ್ಕರು. ನಾನು ಇಳಿದು ಬಂದೆ.

ಮುಂದಿನ ವಾರದ ನಮ್ಮ ಪತ್ರಿಕೆಯಲ್ಲಿ ಸಮಾರಂಭದ ವರದಿ ಬಂತು: 'ಉಪಸಂಪಾದಕರ ಚಟಾಕಿಗೆ ನಗೆಗಡಲಲ್ಲಿ ತೇಲಿದ ಸಭೆ'. ಅದನ್ನು ಓದುವ ಹೊತ್ತಿಗೆ ನಾನು ಆ ಪತ್ರಿಕೆಯಲ್ಲಿರಲಿಲ್ಲ.

ತುಳಸಾಬಾಯಿ ಊರಂಚಿನಲ್ಲಿ ತಮ್ಮನ ಮನೆಯಲ್ಲಿದ್ದರು. ಅವನು ಮದುವೆ ಮೆರವಣಿಗೆಗಳಿಗೆ ಕುದುರೆ ಕೊಡುವವನು. ಮನೆಯ ಹಿಂದೆ ಲಾಯ, ಲಾಯದ ಹಿಂದೆ ಬಯಲು. ನಾನು ಹೋದಾಗ ಬೆಳಗಿನ ಬಿಸಿಲು ಇನ್ನೂ ಎಳೆಯದಿತ್ತು. ಆಕೆ ಬಯಲಿನ ನಡುವೆ ಒಂದು ಸ್ಟೂಲಿನ ಮೇಲೆ ಕೂತಿದ್ದರು. ಕೈಯಲ್ಲಿ ಉದ್ದನೆಯ ಹಗ್ಗ. ಹಗ್ಗದ ಇನ್ನೊಂದು ತುದಿಯಲ್ಲಿ ಒಂದು ಬಿಳಿ ಮರಿಗುದುರೆ, ಇನ್ನೂ ಬೆನ್ನಿಗೆ ಜೀನು ಕಾಣದ್ದು, ಆಕೆಯ ಸುತ್ತ ವೃತ್ತಾಕಾರವಾಗಿ ಓಡುತ್ತಿತ್ತು. ಆಕೆ ಆಗಾಗ ನಾಲಗೆಯಿಂದ ಸಣ್ಣಗೆ ಟಕಟಕ ಎನ್ನುತ್ತಿದ್ದರು.

"ಸುದ್ದಿ ಬಂತು" ಎಂದರು, ನನ್ನ ಕಡೆ ನೋಡದೆ. "ಪುತಳಿ ಹೆಸರು ಹೇಳಿದ್ರಿ ಅಂತ. ಮಂದಿ ಏನಂದ್ರು?"

ಸುಳ್ಳು ಹೇಳುವ ಆಸೆಯಾಯಿತು. ಹೇಳಲಿಲ್ಲ. "ನಕ್ಕರು."

ಹಗ್ಗ ಹಿಡಿದ ಕೈ ಬಿಗಿಯಾಯಿತು. "ನಕ್ಕರಾ? ಮತ್ತ ನೀವೇನ್ ಮಾಡಿದ್ರಿ?"

"ಇಳಿದು ಬಂದೆ."

"ಯಾಕ ಇಳಿದ್ರಿ?" ಈಗ ನನ್ನ ಕಡೆ ತಿರುಗಿದರು. ಅಂದು ಕಚೇರಿಯಲ್ಲಿದ್ದುದಕ್ಕಿಂತ ಹೆಚ್ಚಿನ ಸಿಟ್ಟು ಆ ಮುಖದಲ್ಲಿತ್ತು. "ನಗೂದು ಮುಗಿಯೂತನಕ ನಿಂತು ಮತ್ತೊಮ್ಮಿ ಹೇಳಬೇಕಿತ್ತಲ್ರೀ! ಸರ್ಕಸ್ಸಿನ್ಯಾಗ ನಾವು ಜಾರಿ ಬಿದ್ರ ಮಂದಿ ನಗತಾರ. ಬಿದ್ದಾವ್ರು ಹಂಗ ಎದ್ದು ಹೋಗೂದಿಲ್ಲ. ಮತ್ತ ಹತ್ತಿ, ಸರಿಯಾಗಿ ಮಾಡಿ ತೋರಿಸಿ, ಆಮ್ಯಾಲ ಇಳೀಬೇಕು. ನೀವು ಅರ್ಧಕ್ಕ ಇಳದು ಬಂದ್ರಿ. ಈಗ ಆಕಿ ಹೆಸರು ನಗಿಮಾತಾತು."

ನೌಕರಿ ಹೋಯಿತು ಎಂದು ಹೇಳೋಣವೆಂದು ಬಂದಿದ್ದವನು ಅದನ್ನು ನುಂಗಿಕೊಂಡೆ. ಬದಲಿಗೆ, "ಕ್ಯಾಮೆರಾದಲ್ಲಿ ಫಿಲ್ಮ್ ಇರಲಿಲ್ಲ ಅನ್ನೋದನ್ನ ನಿಮಗೆ ಮೊದಲೇ ಹೇಳಬೇಕಿತ್ತು" ಎಂದೆ.

"ನಂಗ ಗೊತ್ತಿತ್ತು."

"ಯಾರು ಹೇಳಿದರು?"

"ಯಾರೂ ಹೇಳಿಲ್ಲ. ಪ್ರತಿ ಸಲ ಕ್ಯಾಮೆರಾ ಮುಂದ ಕಟ್ಟಿಗಿ ಫಳಿ ಹಿಡದು ಟಕ್ ಅಂತ ಬಡೀತಾರಲ್ರೀ, ಅದಾದ ಮ್ಯಾಲ ನಾವು ಹೊರಡೂದು. ಎರಡನೇ ಸಲ ಯಾರೂ ಬಡೀಲಿಲ್ಲ. ಅಲ್ಲೇ ತಿಳೀತು, ಇದು ಬರೇ ಆಟ ಅಂತ."

"ಗೊತ್ತಿದ್ದೂ ಯಾಕೆ ಹಾರಿದಿರಿ?"

ಮರಿ ಸುತ್ತು ಹಾಕುತ್ತಲೇ ಇತ್ತು.

"ಒಲ್ಲೆ ಅಂದ್ರ ನಾಳಿ ಕರೀತಿದ್ರೇನ್ರೀ ನನ್ನ? ಗಂಡಸರಿಗೇ ಸೀರಿ ಉಡಸ್ತಾರ. ನಾ ಒಲ್ಲೆ ಅನ್ನಲಿಲ್ಲ. ಪುತಳಿ ಅಂದ್ಲು. ಅಂಚಿಗೆ ಬಂದು ನಿಂತ್ಲು, ನೀವೂ ನೋಡೀರಿ. ಹನ್ನೊಂದು ವರ್ಷದಾಗ ಅದೊಂದ ಸಲ ಒಲ್ಲೆ ಅಂದಾಕಿ. ನಾ ಹಿಮ್ಮಡಿಲೆ ಒತ್ತಿದ್ನಿ." ಆಕೆ ಊರುಗೋಲಿನ ತುದಿಯಿಂದ ತಮ್ಮ ಬಲಗಾಲಿನ ಹಿಮ್ಮಡಿಯನ್ನು ತೋರಿಸಿದರು. "ಇದರಿಂದ. ಆಕಿ ನನ್ನ ಮಾತು ಕೇಳಿ ಸತ್ತಾಳ. ಅಂಥಾಕಿಗೆ ಹುಚ್ಚಿ ಅಂತ ಬರದೀರಿ."

ಅವರ ಕಣ್ಣಲ್ಲಿ ನೀರಿರಲಿಲ್ಲ. ಇದ್ದದ್ದು ಬೆಂಕಿ, ಅದರಲ್ಲಿ ನಮಗೆಲ್ಲ ಪಾಲಿತ್ತು. ತಮಗೂ ಒಂದು ಪಾಲು ಇಟ್ಟುಕೊಂಡಿದ್ದರು.

"ಈಗ ಹೇಳ್ರಿ" ಎಂದರು. "ಅಲ್ಲಿ ಹೆಂಗ ಹೇಳಿದ್ರಿ ಹಂಗ ಹೇಳ್ರಿ, ನನ್ನ ಮುಂದ. ಪೂರಾ."

ಬಯಲಿನಲ್ಲಿ ನಿಂತು ಹೇಳಿದೆ. ಲಾಯ ಗುಡಿಸುತ್ತಿದ್ದ ಆಕೆಯ ತಮ್ಮ ಪೊರಕೆ ಹಿಡಿದುಕೊಂಡೇ ಬಂದು ಕೇಳಿದ. ಪುತಳಿಯ ಹೆಸರು ಬಂದಾಗ ಯಾರೂ ನಗಲಿಲ್ಲ. ಮುಗಿದ ಮೇಲೆ ಆಕೆ ಒಂದು ಸಲ ತಲೆಯಾಡಿಸಿದರು. ಕ್ಷಮಿಸಿದೆ ಎಂದು ಹೇಳಲಿಲ್ಲ, ಆಮೇಲೆ ಯಾವತ್ತೂ ಹೇಳಲಿಲ್ಲ.

ಆ ಸಂಚಿಕೆ ಈಗಲೂ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಸಿಗುತ್ತದೆ. ಆ ಚಿತ್ರದ ಮಾತು ಬಂದಾಗ ತಲೆ ನರೆತವರು ಈಗಲೂ ಹುಚ್ಚು ಕುದುರೆಯ ಕಥೆಯನ್ನೇ ಹೇಳುತ್ತಾರೆ. ಕಣ್ಣು ಕೆಂಡವಾಗಿತ್ತಂತೆ, ನೊರೆ ಕಾರುತ್ತಿತ್ತಂತೆ ಎನ್ನುತ್ತಾರೆ. ನನ್ನ ಪದಗಳನ್ನೇ ನನಗೆ ಹೇಳುತ್ತಾರೆ. ಆಗೆಲ್ಲ ನಾನು ಅವರ ಮಾತು ಮುಗಿಯುವವರೆಗೆ ಕಾದು, ಮೊದಲಿನಿಂದ ಹೇಳುತ್ತೇನೆ. ಕೆಲವರು ನಗುತ್ತಾರೆ. ನಾನು ನಿಂತಲ್ಲೇ ನಿಂತು ಇನ್ನೊಮ್ಮೆ ಹೇಳುತ್ತೇನೆ.

ಅವತ್ತು ಹೊರಡುವ ಮುಂಚೆ, ಸುತ್ತು ಹಾಕುತ್ತಿದ್ದ ಆ ಬಿಳಿ ಮರಿ ಇದ್ದಕ್ಕಿದ್ದಂತೆ ನಿಂತುಬಿಟ್ಟಿತು. ನಾಲ್ಕೂ ಕಾಲನ್ನು ಊರಿ, ಕಿವಿ ಹಿಂದಕ್ಕೆ ಹಾಕಿ, ಇನ್ನು ಮುಂದೆ ಹೋಗುವುದಿಲ್ಲ ಎಂಬ ಹಾಗೆ. ತಮ್ಮ "ಹೇ!" ಎಂದು ಪೊರಕೆ ಎತ್ತಿದ. ತುಳಸಾಬಾಯಿ ಅವನತ್ತ ಕೈ ಅಡ್ಡ ಹಿಡಿದರು. ಹಗ್ಗ ಎಳೆಯಲಿಲ್ಲ, ನಾಲಗೆಯ ಸದ್ದನ್ನೂ ಮಾಡಲಿಲ್ಲ. ಬೆರಳು ಸಡಿಲಿಸಿದರು. ಹಗ್ಗ ನಿಧಾನವಾಗಿ ನೆಲಕ್ಕಿಳಿದು ಧೂಳಿನಲ್ಲಿ ಮಲಗಿತು. ಮರಿ ನಮ್ಮನ್ನು ನೋಡುತ್ತ ನಿಂತಿತ್ತು. ಬಿಸಿಲು ಏರುತ್ತಿತ್ತು. ಅದು ತಾನಾಗಿ ಹೊರಡುವವರೆಗೆ ನಾವು ಮೂವರೂ ಅಲ್ಲಾಡದೆ ಕಾದೆವು.